ಶಾಂಪೇನಿಗೆ ಶರಬತ್ತು ಬೆರೆಸಿದ ಭಾನುವಾರ

ಹಾನಗಲ್ಲು

ಫ್ರಾನ್ಸ್ ದೇಶಕ್ಕೆ ಹೋಗಿ ಬಂದವನನ್ನು ಊರವರು ಏನು ಕೇಳಬೇಕು? ಅಲ್ಲಿಯ ಗೋಪುರ ಎಷ್ಟು ಎತ್ತರ, ಚಳಿ ಎಂಥದ್ದು, ಜನ ಎಂಥವರು ಎಂದು ಕೇಳಬೇಕು. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ನನ್ನ ಟ್ರಂಕು ಕೆಳಗಿಳಿಯುವ ಮೊದಲೇ ಎಲ್ಲರೂ ಕೇಳಿದ್ದು ಒಂದೇ: ‘ಬಸು, ಕುಡದ್ಯೋ ಇಲ್ಲೋ?’ ಅವ್ವ ಅದನ್ನೂ ಕೇಳಲಿಲ್ಲ. ‘ಎಷ್ಟ ಸೊರಗೀದಿ’ ಎಂದು ಎರಡೂ ಕೈಯಲ್ಲಿ ಮುಖ ಹಿಡಿದು ಹತ್ತಿರ ಎಳೆದುಕೊಂಡಳು. ಮುದ್ದು ಎಂದು ನಾನು ತಿಳಿದೆ. ಅವಳ ಮೂಗು ಅರಳಿದಾಗ ಅದು ತಪಾಸಣೆ ಎಂದು ಗೊತ್ತಾಯಿತು.

ಕುಡಿಯಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಓದುಗರು ನೆಮ್ಮದಿಯಿಂದ ಮುಂದೆ ಓದಲಿ. ಆದರೆ ಮೂವತ್ತು ಜನರಿಗೆ ಸಾಕಾಗುವಷ್ಟು ಶಾಂಪೇನನ್ನು ನನ್ನ ಕೈಯಾರೆ ಬೆರೆಸಿದ್ದೇನೆ, ಕೆಡಿಸಿದ್ದೇನೆ. ನನ್ನ ನಾಲಿಗೆಯ ದೆಸೆಯಿಂದ ಒಂದು ಹುಡುಗಿಯ ನಿಶ್ಚಿತಾರ್ಥ ನಿಲ್ಲುವ ಹಂತಕ್ಕೂ ಹೋಗಿತ್ತು. ಗೋಪುರದ ಎತ್ತರ ಭೂಗೋಳದ ಪುಸ್ತಕದಲ್ಲಿ ಸಿಗುತ್ತದೆ. ಇದು ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ ಜಾರಿಯಲ್ಲಿತ್ತು. ಶಿಗ್ಗಾಂವಿಯ ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ನಾನು ಪಾನನಿರೋಧ ಬೇಕೇ ಬೇಕು ಎಂದು ಮಾತನಾಡಿ ಬಹುಮಾನ ತಂದಿದ್ದೆ. ಕಾಲೇಜಿಗೆ ಹೋದ ಮೇಲೆ ಬೇಡವೇ ಬೇಡ ಎಂದು ಮಾತನಾಡಿ ಇನ್ನೊಂದು ತಂದೆ. ಎರಡೂ ಸಲ ನಾನು ಒಂದು ಹನಿ ಸೆರೆಯನ್ನು ಕಣ್ಣಿನಿಂದ ಕಂಡವನೂ ಅಲ್ಲ. ವಿಷಯದ ಅನುಭವ ವಾದಕ್ಕೆ ಅಡ್ಡಿ ಎಂಬುದು ಆಗಿನ ನನ್ನ ಸಿದ್ಧಾಂತ. ಆ ಸಿದ್ಧಾಂತದ ಬಲದಿಂದಲೇ ಪ್ಯಾರಿಸ್ಸಿನಲ್ಲಿ ನಾನಾ ದೇಶದ ವಿದ್ಯಾರ್ಥಿಗಳು ಸೇರುವ ಚರ್ಚಾಕೂಟಕ್ಕೆ ನನ್ನ ಆಯ್ಕೆಯಾಯಿತು.

ಹೊರಡುವ ದಿನ ಅವ್ವ ದೇವರ ಜಗಲಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು: ಪರದೇಶದಲ್ಲಿ ಸೆರೆ ಮುಟ್ಟುವುದಿಲ್ಲ, ಮುಟ್ಟಿದರೆ ಕಣ್ಣು ಹೋಗಲಿ. ಆಣೆ ಮುರಿದವನ ಕಣ್ಣು ಹೋಗುತ್ತದೆ ಎಂಬುದಕ್ಕೆ ಪುರಾವೆ ಏನಿದೆ ಎಂದು ಕೇಳಿದೆ.

‘ಪುರಾವೆ ನೋಡಾಕ ಕಣ್ಣರ ಇರಬೇಕಲ್ಲ’ ಎಂದಳು.

ಅವಳು ಶಾಲೆಯ ಮುಖ ಕಂಡವಳಲ್ಲ. ಕಂಡಿದ್ದರೆ ಪ್ಯಾರಿಸ್ಸಿಗೆ ಅವಳೇ ಹೋಗುತ್ತಿದ್ದಳು.

ಮಾರ್ಸೇಲ್ಸ್ ಬಂದರು

ಹಡಗಿನಿಂದ ಇಳಿದವನ ಗಂಟು ಬಿಚ್ಚಿದ ಸುಂಕದ ಅಧಿಕಾರಿಗೆ ಮೊದಲು ಸಿಕ್ಕಿದ್ದು ಕಡಕ್ ರೊಟ್ಟಿ. ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ತಟ್ಟಿದ, ಕಿವಿಯ ಹತ್ತಿರ ಹಿಡಿದು ಮತ್ತೆ ತಟ್ಟಿದ. ಮುರಿದಾಗ ಒಳಗೆ ಏನೂ ಇರಲಿಲ್ಲ. ಅದರಿಂದ ಅವನ ಸಂಶಯ ಹೆಚ್ಚಿತು. ಆಮೇಲೆ ಅವ್ವ ಕುಟ್ಟಿಕೊಟ್ಟಿದ್ದ ಕೆಂಪು ಚಟ್ನಿಯ ಡಬ್ಬಿ ತೆರೆದು, ಬೇಡ ಬೇಡ ಎಂದು ನಾನು ಕೈ ಆಡಿಸುತ್ತಿದ್ದಂತೆ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಮತ್ತೆ ಅವನು ಏನನ್ನೂ ಬಿಚ್ಚಲಿಲ್ಲ. ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಎಲ್ಲ ಗಂಟುಗಳ ಮೇಲೂ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಕಳಿಸಿದ.

ಹೊರಗೆ ಖಾದರ್ ನಿಂತಿದ್ದ. ಖಾದರ್ ಸವಣೂರಿನವನು, ಹೈಸ್ಕೂಲಿನಲ್ಲಿ ನನ್ನ ಎದುರು ಪಕ್ಷದಲ್ಲಿ ನಿಂತು ಮಾತನಾಡಿ ಸೋಲುತ್ತಿದ್ದ ಗೆಳೆಯ. ಅವನ ಅಪ್ಪನದು ಸವಣೂರಿನಲ್ಲಿ ಗೋಲಿ ಸೋಡಾದ ಅಂಗಡಿ. ಸೋಡಾದವರ ಮಗ ರಸಾಯನಶಾಸ್ತ್ರ ಓದಲು ವಿದ್ಯಾರ್ಥಿವೇತನ ಪಡೆದು ಎರಡು ವರ್ಷದಿಂದ ಪ್ಯಾರಿಸ್ಸಿನಲ್ಲಿದ್ದ. ಅವನೂ ಕುಡಿಯುವವನಲ್ಲ. ನನಗೆ ಅವ್ವನ ಆಣೆ, ಅವನಿಗೆ ಧರ್ಮ.

‘ನಿಮ್ಮವ್ವ ಫ್ರಾನ್ಸಿನ ಸರಕಾರಕ್ಕ ಮೊದಲನೇ ದಿನಾನ ಕಣ್ಣೀರ ತರಸಿದ್ಲು’ ಎಂದು ಟ್ರಂಕು ಎತ್ತಿದ.

ಇಲ್ಲಿ ಒಂದು ಮಾತು. ನನಗೆ ಫ್ರೆಂಚ್ ಬರುವುದಿಲ್ಲ. ಆ ದೇಶದಲ್ಲಿ ನಾನು ಕೇಳಿದ್ದೆಲ್ಲ ಖಾದರನ ಬಾಯಿಂದ, ಸವಣೂರಿನ ಕನ್ನಡದಲ್ಲಿ. ಆದ್ದರಿಂದ ನನ್ನ ನೆನಪಿನಲ್ಲಿ ಫ್ರಾನ್ಸಿನ ಜನರೆಲ್ಲ ಸವಣೂರಿನ ಸಂತೆಯಲ್ಲಿ ನಿಂತವರ ಹಾಗೆಯೇ ಮಾತನಾಡುತ್ತಾರೆ. ಹಾಗೆಯೇ ಬರೆಯುತ್ತೇನೆ.

ರೈಲಿನಲ್ಲಿ ಎದುರಿಗೆ ಕುಳಿತ ಹೆಂಗಸು ಬುತ್ತಿ ಬಿಚ್ಚಿದಳು, ನಮಗೂ ಬ್ರೆಡ್ಡು, ಚೀಸು ಕೊಟ್ಟಳು. ಇದು ನಮ್ಮ ಕಡೆಯ ರೈಲಿನಂತೆಯೇ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಒಂದು ಲೋಟ ಕೆಂಪು ವೈನನ್ನೂ ಚಾಚಿದಳು. ನಾನು ಕೈ ಮುಗಿದೆ. ಅವಳು ಖಾದರನತ್ತ ತಿರುಗಿ ಮೆಲ್ಲನೆ ಏನೋ ಕೇಳಿದಳು.

‘ಪಾಪ, ಕಾಳಜ ಕೆಟ್ಟೈತೇನು ಅಂತ ಕೇಳಾಕತ್ತಾಳ.’ ಕಾಳಜ ಎಂದರೆ ಯಕೃತ್ತು.

‘ಇಲ್ಲ ಅನ್ನು. ತತ್ವ ಅನ್ನು.’

‘ತತ್ವ ಅಂದ್ರ ರೈಲು ಇಳಿಯೂತನಾ ಬಿಡಂಗಿಲ್ಲ. ಕಾಳಜ ಅಂತ ಹೇಳಿ ಮುಗಸ್ತೇನಿ.’

ಅವನು ಹೇಳಿದ. ಮುಗಿಯಲಿಲ್ಲ. ಡಬ್ಬಿಯಲ್ಲಿದ್ದ ಆರೂ ಜನ ತಮ್ಮ ತಮ್ಮ ಕಾಳಜದ ಕಥೆ ಹೇಳಿದರು, ಔಷಧ ಹೇಳಿದರು. ಇಳಿಯುವಾಗ ಆ ಹೆಂಗಸು ನನ್ನ ಕೆನ್ನೆ ತಟ್ಟಿದಳು. ಸಾಯುವವನಿಗೆ ತೋರಿಸುವ ಕರುಣೆ ಅದು.

ರ್ಯಾಂಸ್ ಆಚೆಯ ಹಳ್ಳಿ

ಚರ್ಚಾಕೂಟದ ವಿಷಯ ಬರೆಯಲು ಹೆಚ್ಚೇನಿಲ್ಲ. ನಮ್ಮಲ್ಲಿ ಗಂಟೆ ಬಾರಿಸಿದರೆ ಮಾತು ನಿಲ್ಲುತ್ತದೆ, ಅಲ್ಲಿ ಗಂಟೆ ಬಾರಿಸಿದರೆ ಮಾತು ಶುರುವಾಗುತ್ತದೆ. ಅದು ಮುಗಿದ ಮೇಲೆ ಬಂದವರನ್ನೆಲ್ಲ ಎರಡು ವಾರ ಹಳ್ಳಿಯ ಮನೆಗಳಲ್ಲಿ ಇರಲು ಹಂಚಿದರು. ನನ್ನ ಪಾಲಿಗೆ ಬಂದದ್ದು ರ್ಯಾಂಸ್ ನಗರದ ಆಚೆಗೆ, ದ್ರಾಕ್ಷಿಯ ಬಳ್ಳಿಗಳ ನಡುವಿನ ಒಂದು ಹಳ್ಳಿ. ಖಾದರನಿಗೆ ರಜೆಯಿತ್ತು, ದುಭಾಷಿ ಎಂದು ಹೇಳಿಕೊಂಡು ಅವನೂ ಬಂದ.

ಮನೆಯಾಕೆ ಮದಾಮ್ ಲೂಸಿ. ಐವತ್ತು ದಾಟಿದ ವಿಧವೆ, ಊರಿನ ಶಾಲೆಯ ಮಾಸ್ತರಿಣಿ. ಖಾದರ್ ಮೊದಲ ದಿನದಿಂದಲೇ ಅವಳನ್ನು ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎನ್ನತೊಡಗಿದ. ಒಬ್ಬಳೇ ಮಗಳು ಅನ್ನೆತ್. ನಾವು ಹೋದ ಎರಡನೆಯ ಭಾನುವಾರವೇ ಅವಳ ನಿಶ್ಚಿತಾರ್ಥ. ಹುಡುಗ ಅದೇ ಊರಿನ ಪಿಯೆರ್.

ಅವರ ರೂಢಿಗಳಿಗೆ ಹೊಂದಿಕೊಳ್ಳಲು ಎರಡು ದಿನ ಬೇಕಾಯಿತು. ಬ್ರೆಡ್ಡನ್ನು ತಟ್ಟೆಯಲ್ಲಿ ಇಡುವುದಿಲ್ಲ, ಮೇಜಿನ ಬಟ್ಟೆಯ ಮೇಲೆಯೇ ಇಡುತ್ತಾರೆ. ಆದರೆ ಅದನ್ನು ಬೋರಲು ಹಾಕಿದರೆ ಅಪಶಕುನ. ನಾನು ಬೋರಲು ಹಾಕಿದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಮದಾಮ್ ಲೂಸಿ ಮಾತು ನಿಲ್ಲಿಸದೆ ಕೈ ಚಾಚಿ ಅದನ್ನು ನೆಟ್ಟಗೆ ಮಾಡಿದಳು. ಪುರಾವೆ ಏನು ಎಂದು ಕೇಳಬೇಕೆಂದು ಬಾಯಿ ತೆರೆದೆ. ‘ಉಣ್ಣು ಸುಮ್ನ’ ಎಂದ ಖಾದರ್.

ಮದಾಮ್ ಲೂಸಿ ಆ ಸೀಮೆಯವಳಲ್ಲ, ದಕ್ಷಿಣದ ಕಡೆಯಿಂದ ಮದುವೆಯಾಗಿ ಬಂದವಳು. ಹಿತ್ತಲಲ್ಲಿ ಕಾಸಿಸ್ ಎಂಬ ಗಿಡ ಹಚ್ಚಿದ್ದಳು. ನಮ್ಮ ಕವಳಿ ಹಣ್ಣಿನಷ್ಟೇ ಕಪ್ಪು, ಅಷ್ಟೇ ಹುಳಿ, ಗಾತ್ರದಲ್ಲಿ ಚಿಕ್ಕದು. ಆ ಹಣ್ಣನ್ನು ಸಕ್ಕರೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ವರ್ಷಕ್ಕಾಗುವಷ್ಟು ಪಾಕ ಮಾಡಿ ಇಟ್ಟುಕೊಳ್ಳುತ್ತಿದ್ದಳು. ನಾವಿಬ್ಬರೂ ಅದನ್ನು ನೀರಿಗೆ ಹಾಕಿಕೊಂಡು ಕುಡಿದು ಕುಡಿದು ಹಲ್ಲು ನೇರಳೆ ಮಾಡಿಕೊಂಡೆವು. ಅವಳ ತವರಿನಲ್ಲಿ ಆ ಪಾಕವನ್ನು ಲೋಟದ ತಳಕ್ಕೆ ಹಾಕಿ, ಮೇಲೆ ನೊರೆ ಬರುವ ವೈನು ಸುರಿದು ಕೊಡುತ್ತಾರೆ. ನಿಶ್ಚಯದ ದಿನ ಹೆಣ್ಣಿನ ತಾಯಿ ತನ್ನ ಕೈಯಿಂದ ಮೊದಲ ಲೋಟವನ್ನು ಗಂಡಿನ ತಂದೆಗೆ ಕೊಡಬೇಕು. ಅವನು ಅದನ್ನು ಕುಡಿದ ಮೇಲೆಯೇ ಉಂಗುರ.

‘ನಮ್ಮಲ್ಲಿ ಬೀಗರ ಬಾಯಿಗೆ ಸಕ್ಕರಿ ಹಾಕ್ತೇವಲ್ಲ, ಹಂಗ’ ಎಂದೆ.

‘ಹಂಗ ಏನೋ ಖರೆ’ ಎಂದ ಖಾದರ್. ‘ಆದ್ರ ಇಲ್ಲಿ ಬೀಗ ಬಾಯಿ ತೆರ್ಯಾಂಗಿಲ್ಲ ಅನ್ನಾಕತ್ತಾನಂತ.’

ಬೀಗ ಎಂದರೆ ಗಾಸ್ತೋನ್, ಪಿಯೆರನ ತಂದೆ. ಬಳ್ಳಿ ಬೆಳೆದು ತನ್ನ ನೆಲಮಾಳಿಗೆಯಲ್ಲೇ ಶಾಂಪೇನು ಮಾಡುವವನು. ನಿಶ್ಚಿತಾರ್ಥಕ್ಕೆಂದು ಆರು ಬಾಟಲಿ ಕಳುಹಿಸಿದ್ದ, ಜೊತೆಗೆ ಒಂದು ಮಾತನ್ನೂ: ಇದ್ದದ್ದನ್ನು ಇದ್ದ ಹಾಗೆ ಕುಡಿಯಿರಿ, ಇದಕ್ಕೆ ಶರಬತ್ತು ಬೆರೆಸುವುದು ಪಾಪ. ಮದಾಮ್ ಲೂಸಿಗೆ ಅದು ಬರೀ ಶರಬತ್ತಿನ ಮಾತಾಗಿರಲಿಲ್ಲ. ಇಪ್ಪತ್ತೈದು ವರ್ಷ ಆ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದರೂ ಅವಳನ್ನು ಇನ್ನೂ ‘ಹೊರಗಿನಾಕಿ’ ಎನ್ನುತ್ತಿದ್ದರು. ತವರಿನ ಒಂದೇ ಒಂದು ಶಾಸ್ತ್ರ ಮಗಳಿಗೆ ನಡೆಯಲಿ ಎಂದು ಅವಳ ಆಸೆ.

‘ಅಂವ ಬರ್ತಾನ, ಕುಡಿತಾನ’ ಎಂದಳು. ‘ಸ್ವಲ್ಪ ತಡಾ ಆಗ್ತೈತಿ ಅಷ್ಟ. ನೀವು ನಾಳೆ ಅವನ ನೆಲಮನಿ ನೋಡಾಕ ಹೋಗ್ರಿ. ಆದ್ರ ಇದರ ಸುದ್ದಿ ತೆಗೀಬ್ಯಾಡ್ರಿ.’

ತೆಗೆಯುವುದಿಲ್ಲ ಎಂದು ನಾನು ಒಪ್ಪಿಕೊಂಡೆ.

ನೆಲಮಾಳಿಗೆ

ಗಾಸ್ತೋನ್ ಗಿಡ್ಡ ಆಳು, ಎತ್ತಿನಂಥ ಕುತ್ತಿಗೆ. ಕಂದೀಲು ಹಿಡಿದು ನಮ್ಮನ್ನು ಸುಣ್ಣದ ಕಲ್ಲಿನಲ್ಲಿ ಕೊರೆದ ಮೆಟ್ಟಿಲಿಳಿಸಿ ಕರೆದುಕೊಂಡು ಹೋದ. ಹೊರಗೆ ಬಿಸಿಲು, ಒಳಗೆ ಹಲ್ಲು ಕಟಕಟ. ತೂತು ಕೊರೆದ ಹಲಗೆಗಳಲ್ಲಿ ಸಾವಿರಾರು ಬಾಟಲಿಗಳು ತಲೆ ಕೆಳಗೆ ಮಾಡಿ ನಿಂತಿದ್ದವು. ಅವನ ಇಬ್ಬರು ಆಳುಗಳು ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು ಸರಕ್ ಎಂದು ಸ್ವಲ್ಪವೇ ತಿರುಗಿಸುತ್ತ ಸಾಗುತ್ತಿದ್ದರು. ಒಳಗಿನ ಗಸಿ ಬಾಯಿಯ ಕಡೆಗೆ ಇಳಿಯಬೇಕಲ್ಲ, ಅದಕ್ಕೆ ವಾರಗಟ್ಟಲೆ ದಿನವೂ ಈ ಕೆಲಸ.

ಖಾದರ್ ಮನೆಗೆ ಬಂದವನಂತೆ ಹಿಗ್ಗಿದ. ‘ನಮ್ಮಪ್ಪನೂ ಹಿಂಗ ಬಾಟ್ಲಿ ತಲಿಕೆಳಗ ಮಾಡಿ ಮಿಶನ್ ತಿರವ್ತಾನ್ರಿ’ ಎಂದು ಗೋಲಿ ಸೋಡಾದ ವಿದ್ಯೆಯನ್ನೆಲ್ಲ ಗಾಸ್ತೋನನಿಗೆ ವಿವರಿಸಿದ. ಬಾಯಲ್ಲಿರುವ ಗೋಲಿಯ ಮೇಲೆ ಹೆಬ್ಬೆರಳು ಒತ್ತಿದರೆ ಬಾಟಲಿ ಸಿಳ್ಳೆ ಹೊಡೆಯುತ್ತದೆ ಎಂದಾಗ ಗಾಸ್ತೋನ್ ಆಳುಗಳನ್ನು ಕರೆದು ಅವರಿಗೂ ಹೇಳಿಸಿದ. ಎಲ್ಲವೂ ಸೊಗಸಾಗಿತ್ತು.

ಆಮೇಲೆ ಗಾಸ್ತೋನ್ ತನ್ನ ವೈನಿನ ಕಥೆ ಹೇಳಿದ. ಮೊದಲು ಸಾದಾ ವೈನು ಮಾಡುತ್ತಾರಂತೆ. ಅದನ್ನು ಬಾಟಲಿಗೆ ತುಂಬುವಾಗ ಒಂದಿಷ್ಟು ಸಕ್ಕರೆ, ಒಂದಿಷ್ಟು ಹುದುಗು ಹಾಕಿ ಮುಚ್ಚುತ್ತಾರೆ, ಅದರಿಂದ ಗುಳ್ಳೆ. ವರ್ಷಗಳ ಮೇಲೆ ಗಸಿ ತೆಗೆದು, ಕಡಿಮೆಯಾದಷ್ಟು ಜಾಗಕ್ಕೆ ಸಕ್ಕರೆ ಕದಡಿದ ವೈನು ಸುರಿದು ಬಿರಡೆ ಬಡಿಯುತ್ತಾರೆ, ಅದರಿಂದ ರುಚಿ. ಹಣ್ಣೂ ಒಂದೇ ತೋಟದ್ದಲ್ಲ, ಮೂರು ಜಾತಿಯದು, ವೈನೂ ಒಂದೇ ವರ್ಷದ್ದಲ್ಲ.

ನನ್ನೊಳಗೆ ಗಂಟೆ ಬಾರಿಸಿತು.

‘ಎರಡು ಸಲ ಸಕ್ಕರಿ’ ಎಂದೆ. ‘ಕೇಳು ಖಾದರ್, ಎರಡು ಸಲ ಹಾಕಿದ್ರ ಪುಣ್ಯ, ಮಾವಶಿ ಮೂರನೇ ಸಲ ಹಾಕಿದ್ರ ಪಾಪ ಹೆಂಗಾಗ್ತೈತಿ?’

‘ಇದನ್ನ ನಾ ಹೇಳಂಗಿಲ್ಲ.’

‘ಯಾಕ?’

‘ಬಸು, ಅಂವ ಬೀಗ ಅದಾನ. ಹುಡುಗಿ ಕಡೆ ಮನ್ಯಾಗ ಉಂಡು ಬಂದೇವಿ ನಾವು.’

‘ತರ್ಕಕ್ಕ ಬೀಗರು ಇಲ್ಲ. ಕೇಳು.’

ನಮ್ಮಿಬ್ಬರ ಕಚಪಚ ಕೇಳಿ ಗಾಸ್ತೋನನೇ ಒತ್ತಾಯ ಮಾಡಿದ: ಆ ಹುಡುಗ ಏನನ್ನುತ್ತಾನೆ? ಖಾದರ್ ನಿರುಪಾಯನಾಗಿ ಹೇಳಿದ. ನಾನು ಬಿಡಲಿಲ್ಲ. ಮೂರು ಜಾತಿಯ ಹಣ್ಣು ಬೆರೆಸುತ್ತೀರಿ, ಹಳೆಯ ವರ್ಷದ್ದನ್ನು ಹೊಸದಕ್ಕೆ ಬೆರೆಸುತ್ತೀರಿ, ಸಕ್ಕರೆ ಎರಡು ಸಲ. ಅಂದರೆ ಶಾಂಪೇನು ಎಂಬುದೇ ಒಂದು ಶರಬತ್ತು. ನಿಮ್ಮ ತಕರಾರು ಬೆರೆಸುವುದರ ಬಗ್ಗೆ ಅಲ್ಲ, ಬೆರೆಸಿದ ಕೈ ಯಾರದು ಎಂಬುದರ ಬಗ್ಗೆ. ಹೌದೋ ಅಲ್ಲವೋ?

ಆಳುಗಳ ಕೈ ನಿಂತಿತು. ಒಬ್ಬನ ಮೀಸೆಯ ಕೆಳಗೆ ನಗೆ ಸುಳಿಯಿತು, ಗಾಸ್ತೋನ್ ಅದನ್ನು ನೋಡಿದ. ಎದುರು ಪಕ್ಷ ಸುಮ್ಮನಾದರೆ ಏನರ್ಥ ಎಂದು ಸ್ಪರ್ಧೆಗಳಿಂದ ನನಗೆ ಗೊತ್ತಿತ್ತು. ಹಿಗ್ಗಿದೆ.

ಗಾಸ್ತೋನ್ ಕಂದೀಲು ಎತ್ತಿ ನಮ್ಮನ್ನು ಮೇಲಕ್ಕೆ ಕರೆತಂದ. ಬಾಗಿಲಲ್ಲಿ ನಿಂತು ಖಾದರನಿಗೆ ಎರಡೇ ಮಾತು ಹೇಳಿ ಒಳಗೆ ಹೋದ.

‘ಏನಂದ?’

‘ಭಾನುವಾರ ಬಳ್ಳಿ ಕಟ್ಟೂದೈತಿ, ಬರಾಕಾಗಂಗಿಲ್ಲ ಅಂತ ಮಾವಶಿಗೆ ಹೇಳ್ರಿ ಅಂದ.’ ಖಾದರ್ ನಾಲ್ಕು ಹೆಜ್ಜೆ ನಡೆದು ನಿಂತ. ‘ಗೆದ್ದಿ ನೋಡು.’

ಮದಾಮ್ ಲೂಸಿಯ ಮೇಜು

ಮದಾಮ್ ಲೂಸಿ ಬಟಾಟೆ ಹೆರೆಯುತ್ತಿದ್ದಳು. ಖಾದರ್ ಎಲ್ಲವನ್ನೂ ಹೇಳಿದ. ಹೇಳುವಾಗ ನನ್ನ ಪಾಲನ್ನು ಸ್ವಲ್ಪ ಕಡಿಮೆ ಮಾಡಿದನೆಂದು ಅವನ ಮುಖದಿಂದಲೇ ತಿಳಿಯಿತು. ಅವಳು ಬಯ್ಯಲಿಲ್ಲ. ಬಟಾಟೆಯ ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತಲೇ ಇತ್ತು.

‘ನಿಮ್ಮ ಊರಾಗ ವಾದ ಗೆದ್ದಾಂವಗ ಏನ್ ಕೊಡ್ತಾರ?’ ಎಂದಳು.

‘ಬೆಳ್ಳಿ ಬಣ್ಣದ ಒಂದು ಕಪ್ಪು.’

‘ಕುಡ್ಯಾಕೇನು?’

‘ಅಲ್ರಿ, ಕಪಾಟಿನ್ಯಾಗ ಇಡಾಕ.’

ಅವಳು ತಲೆಯಾಡಿಸಿ ಇನ್ನೊಂದು ಬಟಾಟೆ ತೆಗೆದುಕೊಂಡಳು. ಸಂಜೆ ಪಿಯೆರ್ ಬಂದು ಅನ್ನೆತ್‌ಳೊಡನೆ ಅಂಗಳದಲ್ಲಿ ನಿಂತು ಮಾತನಾಡಿ ಹೋದ. ಅಪ್ಪನಿಲ್ಲದೆ ಉಂಗುರ ತೊಡಿಸುವುದು ಹೇಗೆ, ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ನೋಡೋಣ ಎಂದನಂತೆ. ನಮ್ಮಲ್ಲೂ ‘ಸುಗ್ಗಿ ಆದಮ್ಯಾಲ ನೋಡೂಣು’ ಎಂದ ಸಂಬಂಧಗಳ ಗತಿ ಏನಾಗುತ್ತದೆಂದು ನನಗೆ ಗೊತ್ತು. ಅನ್ನೆತ್ ಒಳಗೆ ಬಂದು ನನ್ನನ್ನು ನೋಡಿದಳು. ಆ ನೋಟವನ್ನು ಖಾದರ್ ಅನುವಾದಿಸುವ ಅಗತ್ಯ ಬೀಳಲಿಲ್ಲ.

ಮದಾಮ್ ಲೂಸಿ ಮಾತ್ರ ಯಾರಿಗೂ ಬರಬೇಡಿ ಎಂದು ಹೇಳಿ ಕಳುಹಿಸಲಿಲ್ಲ. ‘ಊಟಕ್ಕ ಕರದೇವಿ, ಊಟ ಹಾಕೂಣು. ಅಂವ ಬಂದ್ರ ಬರ್ತಾನ’ ಎಂದಳು.

ಭಾನುವಾರ, ಅಡುಗೆಮನೆ

ಭಾನುವಾರ ತಾಯಿ ಮಗಳು ಇಗರ್ಜಿಗೆ ಹೊರಟರು. ಬಾವಿಯಲ್ಲಿ ಇಳಿಬಿಟ್ಟಿದ್ದ ಆರು ಬಾಟಲಿ, ಪಾಕದ ಹೂಜಿ, ತೊಳೆದ ಮೂವತ್ತು ಲೋಟ, ಎಲ್ಲವನ್ನೂ ಮದಾಮ್ ಲೂಸಿ ನಮಗೆ ಒಪ್ಪಿಸಿದಳು.

‘ಗಂಟಿ ಹೊಡದ ಕೂಡ್ಲೆ ಲೋಟ ತುಂಬಿ ಇಡ್ರಿ. ಈ ಊರಾಗ ಬಾಟ್ಲಿ ಕೊಟ್ಟು ಬೆನ್ನ ತಿರಗಸಬಹುದು ಅಂತ ನಂಬಿಗಿ ಇರೂದು ನಿಮ್ಮಿಬ್ಬರ ಮ್ಯಾಲ ಅಷ್ಟ.’

ನಂಬಿಕೆಗೆ ಅರ್ಹರಾದ ನಾವು ಗಂಟೆಗಾಗಿ ಕಾದೆವು. ಮೊದಲ ಬಾಟಲಿಯ ತಂತಿ ಬಿಚ್ಚಿ ನಾನು ಹೆಬ್ಬೆರಳಿನಿಂದ ಬಿರಡೆ ಎತ್ತಿದೆ. ಅದು ಢಮ್ ಎಂದು ಹಾರಿ ಗೋಡೆಯಲ್ಲಿದ್ದ ಮದಾಮ್ ಲೂಸಿಯ ಯಜಮಾನರ ಫೋಟೋದ ಚೌಕಟ್ಟಿಗೆ ಬಡಿದು ಬಿತ್ತು. ಫೋಟೋ ವಾರೆಯಾಯಿತು, ಗಾಜು ಉಳಿಯಿತು. ಖಾದರ್ ಮೆಚ್ಚಿದ: ‘ಭಾರಿ ಗ್ಯಾಸ್ ಐತಿ. ನಮ್ಮ ಅಂಗಡ್ಯಾಗ ಇಷ್ಟ ಸಪ್ಪಳ ಬಂದ್ರ ನಾಕು ಗಿರಾಕಿ ತಾವ ಬರ್ತಾರ.’

ಲೋಟಕ್ಕೆ ಎರಡು ಬೆರಳು ಪಾಕ, ಮೇಲೆ ವೈನು. ಪಾಕ ತಳದಲ್ಲಿ ನೇರಳೆಯಾಗಿ ಕುಳಿತಿತು, ವೈನು ಮೇಲೆ ತಿಳಿಯಾಗಿ ನಿಂತಿತು. ಖಾದರನ ಮುಖ ಗಂಟಿಕ್ಕಿತು.

‘ಕೂಡಿಲ್ಲಲೇ ಇದು. ತಳದಾಗ ಪಾಕ ಕುಂತ ಶರಬತ್ತು ಕೊಟ್ರ ಸವಣೂರಾಗ ಲೋಟ ವಾಪಸ್ ಕೊಡ್ತಾರ.’

ಅದು ನನಗೂ ಗೊತ್ತಿದ್ದ ಮಾತೇ. ನಮ್ಮ ಕಡೆ ಸೋಡಾ ಶರಬತ್ತು ಎಂದರೆ ಎರಡು ಲೋಟ ಹಿಡಿದು, ಒಂದನ್ನು ತಲೆಯ ಮೇಲಕ್ಕೆತ್ತಿ, ಇನ್ನೊಂದನ್ನು ಸೊಂಟದ ಕೆಳಗಿಳಿಸಿ ನಾಲ್ಕೈದು ಸಲ ಹೊಯ್ದಾಡಬೇಕು. ಹಾಗೆ ಮಾಡದವನು ಅಂಗಡಿ ಇಡಬಾರದು. ಖಾದರ್ ತೋಳು ಮಡಿಸಿದ, ನಾನೂ ಮಡಿಸಿದೆ. ಸುರಿದೆವು, ಎತ್ತಿದೆವು, ಮತ್ತೆ ಸುರಿದೆವು. ಎಂಥ ನೊರೆ! ಒಂದು ಗೇಣು ನೇರಳೆ ನೊರೆ ಲೋಟದ ಮೇಲೆ ಗೋಪುರ ಕಟ್ಟಿತು. ಒಂದೊಂದು ಲೋಟಕ್ಕೂ ಐದೈದು ಸಲ, ಮೂವತ್ತು ಲೋಟ, ಆರೂ ಬಾಟಲಿ. ಮೇಜಿನ ತುಂಬ ಒಂದೇ ಬಣ್ಣದ, ಎಲ್ಲಿಯೂ ತಳ ಹಿಡಿಯದ ಶರಬತ್ತು. ರುಚಿ ನೋಡುವಂತಿಲ್ಲ, ಆದರೆ ನೋಟಕ್ಕೆ ಮಹಾರಾಜರಿಗೆ ಕೊಡಬಹುದಾಗಿತ್ತು.

ನೊರೆ ಇಳಿಯಿತು. ಇಳಿದ ಮೇಲೆ ಖಾದರ್ ಒಂದು ಲೋಟವನ್ನು ಕಿವಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಸೋಡಾದವರು ಹೀಗೆಯೇ ನೋಡುವುದು.

‘ಸಪ್ಪಳಿಲ್ಲ’ ಎಂದ.

‘ಅಂದ್ರ?’

‘ಸತ್ತತಿ. ಒಂದ ಒಂದು ಗುಳ್ಳಿ ಇಲ್ಲ. ನಮ್ಮ ಸೋಡಾ ಎಷ್ಟ ಹೊಯ್ದ್ರೂ ಒಂದಿಷ್ಟು ಉಳಿತತಿ, ಮತ್ತ ಕೂಡ್ಲೆ ಕುಡದಬಿಡ್ತಾರ. ಇದನ್ನ ನಾವು ಪೂರಾ ಕೊಂದೇವಿ.’

ಬಾಟಲಿ ಆರೂ ಖಾಲಿ. ಜನ ಬರಲು ಅರ್ಧ ತಾಸು. ಊರಿನಲ್ಲಿ ಮನೆಗೊಬ್ಬ ಶಾಂಪೇನು ಮಾಡುವವನಿದ್ದ. ಆದರೆ ಗಾಸ್ತೋನ್ ಕಳಿಸಿದ್ದನ್ನು ಚೆಲ್ಲಿ ಇನ್ನೊಬ್ಬನ ಬಾಟಲಿ ತಂದು ಮೇಜಿನ ಮೇಲಿಟ್ಟರೆ ಸುಗ್ಗಿಯ ಮೇಲೂ ಮಾತು ನಡೆಯುವಂತಿರಲಿಲ್ಲ. ಮನಸ್ಸಿನಲ್ಲಿ ನಾನು ವಾದ ಹೂಡಿ ನೋಡಿದೆ: ನೊರೆಗೂ ರುಚಿಗೂ ಸಂಬಂಧವಿಲ್ಲ, ಗುಳ್ಳೆ ಎಂಬುದು ಬರೀ ಗಾಳಿ. ಒಳ್ಳೆಯ ವಾದವೇ. ಅದನ್ನು ಅನ್ನೆತ್‌ಳ ಮುಂದೆ ಹೇಳಿದಂತೆ ಊಹಿಸಿಕೊಂಡೆ. ಅಲ್ಲಿಗೆ ಬಿಟ್ಟೆ.

‘ಇನ್ನೊಂದು ಹೂಜಿಗೆ ಈ ಶರಬತ್ತು ತುಂಬು’ ಎಂದೆ. ‘ಗಾಸ್ತೋನ್ ಕಾಕಾನ ಕಡೆ ಹೋಗೂಣು.’

ಗಾಸ್ತೋನನ ಅಂಗಳ

ಬಳ್ಳಿ ಕಟ್ಟುವುದಿದೆ ಎಂದವನು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ. ಮೈಮೇಲೆ ಕಪ್ಪು ಕೋಟು, ಕಾಲಲ್ಲಿ ಎಣ್ಣೆ ಹಚ್ಚಿದ ಬೂಟು. ಬಳ್ಳಿ ಕಟ್ಟಲು ಯಾರೂ ಹಾಗೆ ಹೋಗುವುದಿಲ್ಲ. ಎದ್ದು ಬರಲೂ ಆಗದೆ, ಕೋಟು ಬಿಚ್ಚಲೂ ಆಗದೆ ಕುಳಿತಿದ್ದ. ಇದು ನನ್ನ ಕಣ್ಣಿಗೆ ಬಿತ್ತು. ಬಾಯಿಗೆ ಬರದಂತೆ ನೋಡಿಕೊಂಡೆ.

‘ನಿಮ್ಮ ಆರು ಬಾಟ್ಲಿ ನಾವು ಕೆಡಸೇವಿ ಅಂತ ಹೇಳು’ ಎಂದೆ ಖಾದರನಿಗೆ. ‘ಮಾವಶಿ ಮನ್ಯಾಗ ಇರಲಿಲ್ಲ, ತಪ್ಪು ನಂದು ಅಂತ ಹೇಳು.’

ಗಾಸ್ತೋನ್ ಮುಖ ಅಲುಗಿಸಲಿಲ್ಲ. ಹೇಗೆ ಕೆಡಿಸಿದಿರಿ ಎಂದು ಕೇಳಿದ. ಹೇಳಿದರೆ ತಿಳಿಯುವಂಥದ್ದಲ್ಲ, ಮಾಡಿಯೇ ತೋರಿಸಬೇಕು. ಎರಡು ಲೋಟ ತರಿಸಿ, ಬಾವಿಯ ನೀರು ತುಂಬಿ, ಅಂಗಳದ ನಡುವೆ ನಿಂತು ಸವಣೂರಿನ ಪದ್ಧತಿಯಂತೆ ಹೊಯ್ದೆ. ಗಾಸ್ತೋನ್ ಬಾಯಿ ತೆರೆದು ನೋಡಿದ.

‘ಮೂವತ್ತೂ ಲೋಟ ಹಿಂಗ ಮಾಡಿದ್ರಿ?’

‘ಮೂವತ್ತೂ.’

‘ಐದು ವರ್ಷ ನೆಲದಾಗ ಇಟ್ಟಿದ್ದೆ ಅದನ್ನ’ ಎಂದು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಭುಜ ಕುಲುಕಿದವು. ಅಳುತ್ತಿದ್ದಾನೆ ಎಂದುಕೊಂಡೆ. ಕೈ ತೆಗೆದಾಗ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದ. ಮತ್ತೊಮ್ಮೆ ಮಾಡಿ ತೋರಿಸು ಎಂದ. ಮಾಡಿದೆ. ಆಮೇಲೆ ಖಾದರನ ಕೈಯಲ್ಲಿದ್ದ ಹೂಜಿಯ ಕಡೆ ನೋಡಿದ.

ಆಗ ಖಾದರ್ ನಾನು ಹೇಳಿಕೊಡದ ಏನನ್ನೋ ಒಂದಿಷ್ಟು ಹೊತ್ತು ಮಾತನಾಡಿದ.

‘ಏನ್ ಹೇಳಿದಿ?’

‘ಇದ್ರಾಗ ಈಗ ಗುಳ್ಳಿ ಇಲ್ಲ, ಅಂದ್ರ ಶಾಂಪೇನೂ ಅಲ್ಲ, ಕುಡದ್ರ ನಿಮ್ಮ ಮಾತು ಮುರಿಯಂಗಿಲ್ಲ ಅಂದೆ. ಮಾವಶಿ ಪಾಕ ನೀವು ಇಷ್ಟು ವರ್ಷದಾಗ ಒಮ್ಮಿನೂ ಬಾಯಾಗ ಹಾಕ್ಕೊಂಡಿಲ್ಲಲ್ಲ ಅಂ‌ದೆ.’

ಹೈಸ್ಕೂಲಿನಲ್ಲಿ ನಾನು ಇವನನ್ನು ಪ್ರತಿ ಸಲ ಸೋಲಿಸುತ್ತಿದ್ದೆ ಎಂದು ಮೇಲೆ ಬರೆದಿದ್ದೇನೆ. ತೀರ್ಪುಗಾರರ ಬಗ್ಗೆ ಈಗ ಸಂಶಯ ಬರುತ್ತಿದೆ.

ಗಾಸ್ತೋನ್ ಲೋಟದ ನೀರನ್ನು ಚೆಲ್ಲಿ, ಹೂಜಿಯಿಂದ ಎರಡು ಬೆರಳು ಸುರಿದುಕೊಂಡು, ಮೂಸಿ, ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ನುಂಗದೆ ಹಿಡಿದ. ನುಂಗಿದ ಮೇಲೆ ಅಂಗಳದ ಆಚೆ ತನ್ನ ಬಳ್ಳಿಗಳ ಕಡೆ ನೋಡುತ್ತ ನಿಂತ.

‘ಹಣ್ಣು ಯಾವಾಗ ಹರಿಬೇಕು ಅನ್ನೂದು ಆಕಿಗೆ ಗೊತ್ತೈತಿ’ ಎಂದ.

ನೆಲಮಾಳಿಗೆಗೆ ಇಳಿದು ಎರಡು ಬುಟ್ಟಿಗಳಲ್ಲಿ ಬಾಟಲಿ ತುಂಬಿಕೊಟ್ಟ. ನಾವಿಬ್ಬರೂ ಹೊತ್ತೆವು, ಅವನು ಹಿಂದೆ ನಡೆದ. ದಾರಿಯುದ್ದಕ್ಕೂ ‘ಮೆಲ್ಲಕ, ಒಳಗ ಕೂಸು ಮಲಗೇತಿ ಅಂತ ತಿಳಕೊ’ ಎಂದು ಹೇಳುತ್ತಲೇ ಬಂದ. ಊರಿನ ಬೀದಿಯಲ್ಲಿ ಮುಂದೆ ಬುಟ್ಟಿ ಹೊತ್ತ ಇಬ್ಬರು ಕರಿಯರು, ಹಿಂದೆ ಕಪ್ಪು ಕೋಟಿನ ಗಾಸ್ತೋನ್, ಬಾಗಿಲುಗಳೆಲ್ಲ ತೆರೆದುಕೊಂಡವು.

ಅನ್ನೆತ್‌ಳ ಊಟ

ಹಿತ್ತಲಲ್ಲಿ ಮೇಜುಗಳ ಸುತ್ತ ಜನ ಕುಳಿತಿದ್ದರು. ಮದಾಮ್ ಲೂಸಿ ಅಡುಗೆಮನೆಯ ಮೂವತ್ತು ಲೋಟಗಳನ್ನೂ ಕಂಡಾಗಿತ್ತು, ಕಾಣೆಯಾದ ನಮ್ಮನ್ನೂ ಲೆಕ್ಕ ಹಾಕಿಯಾಗಿತ್ತು. ಗಾಸ್ತೋನ್ ಒಳಗೆ ಕಾಲಿಟ್ಟಾಗ ಎದ್ದು ನಿಂತಳು. ಪಿಯೆರ್ ಕುರ್ಚಿ ತಂದಿಟ್ಟ, ಗಾಸ್ತೋನ್ ಕುಳಿತುಕೊಳ್ಳಲಿಲ್ಲ.

ಅವಳು ಒಂದು ಸ್ವಚ್ಛ ಲೋಟ ತೆಗೆದುಕೊಂಡು ತಳಕ್ಕೆ ಎರಡು ಬೆರಳು ಪಾಕ ಹಾಕಿ ಅವನ ಮುಂದೆ ಚಾಚಿದಳು. ಗಾಸ್ತೋನ್ ಒಂದು ಬಾಟಲಿ ಎತ್ತಿಕೊಂಡ. ಬಿರಡೆಯನ್ನು ಎತ್ತಲಿಲ್ಲ, ಅದನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನೇ ತಿರುಗಿಸಿದ. ನಡೆದು ದಣಿದ ಮುದುಕಿ ಕಟ್ಟೆಯ ಮೇಲೆ ಕುಳಿತಾಗ ಬಿಡುವ ಉಸಿರಿನಷ್ಟೇ ಸದ್ದು. ಖಾದರ್ ನನ್ನ ಪಕ್ಕೆ ತಿವಿದ. ಆಮೇಲೆ ಗಾಸ್ತೋನ್ ಅವಳ ಕೈಯಲ್ಲಿದ್ದ ಲೋಟವನ್ನು ಓರೆ ಮಾಡಿಸಿ, ಅಂಚಿನಿಂದ ಮೆಲ್ಲನೆ ತಾನೇ ಸುರಿದ. ಯಾರೂ ಕದಡಲಿಲ್ಲ. ತಳದ ನೇರಳೆಯಿಂದ ಗುಳ್ಳೆಗಳು ಸಾಲು ಹಿಡಿದು ಎದ್ದು ಬಂದವು, ಬಣ್ಣವನ್ನು ಎಳೆ ಎಳೆಯಾಗಿ ತಾವೇ ಮೇಲಕ್ಕೆ ಹೊತ್ತು ತಂದವು. ಹಾಗೆ ತಾನಾಗಿಯೇ ಕೂಡುವ ಶರಬತ್ತನ್ನು ನಾನು ಕಂಡಿರಲಿಲ್ಲ.

ಗಾಸ್ತೋನ್ ಕುಡಿದ. ಅರ್ಧಕ್ಕೆ ನಿಲ್ಲಿಸಿ ಉಸಿರು ಬಿಟ್ಟು ಉಳಿದದ್ದನ್ನೂ ಕುಡಿದ. ಪಿಯೆರ್ ಆಗಲೇ ಜೇಬಿಗೆ ಕೈ ಹಾಕಿ ಉಂಗುರ ತಡಕಾಡುತ್ತಿದ್ದ. ಹಿತ್ತಲೆಲ್ಲ ಚಪ್ಪಾಳೆ.

ಚಪ್ಪಾಳೆ ಮುಗಿದ ಮೇಲೆ ಗಾಸ್ತೋನ್ ಖಾಲಿ ಲೋಟವನ್ನು ಮದಾಮ್ ಲೂಸಿಯ ಮುಂದೆ ಹಿಡಿದ.

‘ಇನ್ನೊಂದು ಕೊಡ್ರಿ. ಈ ಸಲ ಪಾಕ ಒಂದ ಬೆರಳು ಸಾಕು.’

‘ಎರಡ ಬೆರಳು’ ಎಂದಳು ಮದಾಮ್ ಲೂಸಿ.

‘ಸಿಹಿ ಹೆಚ್ಚಾಗೈತಿ ಅಂತೇನಿ.’

‘ನಿಮ್ಮ ವೈನು ಹುಳಿ ಐತಿ, ಅದಕ್ಕ ಎರಡ ಬೆರಳು.’

ಮೇಜುಗಳ ಸುತ್ತ ಕುಳಿತವರೆಲ್ಲ ಇವರಿಬ್ಬರತ್ತ ತಿರುಗಿದರು. ಅನ್ನೆತ್ ಪಿಯೆರನ ತೋಳು ಹಿಡಿದುಕೊಂಡಳು. ನಾನು ಗಾಬರಿಯಿಂದ ಖಾದರನ ಕಡೆ ನೋಡಿದರೆ ಅವನು ಅನುವಾದ ನಿಲ್ಲಿಸಿ ಹಲ್ಲು ಬಿಡುತ್ತಿದ್ದ.

‘ಅಂಜಬ್ಯಾಡ’ ಎಂದ. ‘ನಮ್ಮ ಹಿರೇಕೆರೂರ ಫೂಫಿ, ನಮ್ಮಪ್ಪನ ತಂಗಿ, ಆಕಿ ಮಗಳ ಮದುವ್ಯಾಗ ಎರಡೂ ಕಡೆಯವರು ಪಾಯಸದ ಸಕ್ಕರಿ ಸಲುವಾಗಿ ಹಿಂಗ ಹತ್ತಿದ್ರು. ಬೀಗರು ಬಾಯಿ ಬಿಟ್ಟು ಜಗಳಾಡಾಕ ಶುರು ಮಾಡಿದ್ರಂದ್ರ ಸಂಬಂಧ ಗಟ್ಟಿ ಆತು ಅಂತ ಅರ್ಥ. ಬರೇ ನಮಸ್ಕಾರ ಹೇಳಿ ಹೋಗಾಕತ್ತಿದ್ರ ಅಂಜಬೇಕು.’

ಮದಾಮ್ ಲೂಸಿ ಎರಡು ಬೆರಳು ಪಾಕ ಹಾಕಿದಳು. ಒಂದು ಹನಿಯೂ ಕಡಿಮೆ ಇಲ್ಲ. ಗಾಸ್ತೋನ್ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಳತೆ ನೋಡಿದ, ತಲೆ ಅಲ್ಲಾಡಿಸಿದ, ಇದು ಸರಿಯಲ್ಲ ಎಂದು ಕುಳಿತವರಿಗೆಲ್ಲ ಸಾರಿ ಹೇಳಿದ. ಆಮೇಲೆ ಅಂಚಿನವರೆಗೂ ವೈನು ಸುರಿದುಕೊಂಡು ಪಿಯೆರ್ ತಂದಿಟ್ಟಿದ್ದ ಕುರ್ಚಿಯಲ್ಲಿ ಕುಳಿತ.